ನಾಲ್ಕು ಅರವತ್ನಾಲ್ಕು

ನಾನು ಭಾವಿಕೇರಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಅವರ್ಸಾದಲ್ಲಿ. ನಲವತ್ತು ದಾಟಿದ ಮೇಲೆ ಗ್ಲಾಕೋಮಾ ನನ್ನ ಎರಡೂ ಕಣ್ಣನ್ನು ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬಂತು. ಮೊದಲು ಹೋದದ್ದು ಬಾಗಿಲ ಚೌಕಟ್ಟು. ಒಳಗೆ ಹೊರಗೆ ಓಡಾಡುವಾಗ ಭುಜ ಬಡಿಯುತ್ತಿತ್ತು, ನನ್ನದೇ ಅವಸರ ಅಂದುಕೊಂಡಿದ್ದೆ. ವೈದ್ಯರ ಬಳಿ ಹೋಗುವ ಹೊತ್ತಿಗೆ ತಡವಾಗಿತ್ತು. ಕೊನೆಗೆ ಪುಸ್ತಕದ ಅಕ್ಷರವೂ ಹೋಯಿತು.

ಕೆಲಸ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಒಂದು ತಿಂಗಳ ತರಬೇತಿಗೆ ಹೋಗಿ, ಪರದೆಯಲ್ಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ ಹಾಕಿದ ಲ್ಯಾಪ್‌ಟಾಪಿನಲ್ಲಿ ಬರೆಯುವುದನ್ನು ಕಲಿತೆ. ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಗೆರೆ ಇರುತ್ತದೆ. ಅಲ್ಲಿ ತೋರುಬೆರಳು ಊರಿದರೆ ಉಳಿದ ಕೀಲಿಗಳೆಲ್ಲ ಎಲ್ಲಿವೆ ಎಂದು ಗೊತ್ತಾಗುತ್ತದೆ. ಅಂದಿನಿಂದ ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ರಜೆ ಅರ್ಜಿ ಎಲ್ಲವನ್ನೂ ನಾನೇ ಬರೆದೆ.

ಕಳೆದ ಮಳೆಗಾಲದಲ್ಲಿ ಆ ಲ್ಯಾಪ್‌ಟಾಪ್ ಕೈಕೊಡಲು ಶುರುಮಾಡಿತು. ಬಟನ್ ಒತ್ತಿ, ಅಕ್ಕಿ ತೊಳೆದು, ಕುಕ್ಕರ್ ಇಟ್ಟು ಬಂದರೂ ಧ್ವನಿ ಬಂದಿರುತ್ತಿರಲಿಲ್ಲ. ಬಂದರೂ ಒಂದು ಪದ ಹೇಳಿ ಉಸಿರುಕಟ್ಟಿದಂತೆ ನಿಲ್ಲುತ್ತಿತ್ತು. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಹೊಸದು ಈ ಯಂತ್ರಕ್ಕೆ ಭಾರ ಎಂದು ತಿಳಿದವರು ಹೇಳಿದರು. ಹಾಗೂ ಹೀಗೂ ಒಂದು ಭಾನುವಾರವಿಡೀ ಕೂತು ನನ್ನ ಟಿಪ್ಪಣಿಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಇಳಿಸಿಟ್ಟೆ.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಹೆಡ್ ಮಾಸ್ತರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು.

"ಅಕ್ಕೋರೇ, ಈ ಸಲ ಪ್ರಶ್ನೆಪತ್ರಿಕೆ ಬೇರೆಯವ್ರು ಮಾಡ್ಲಿ. ನೀವು ಎಂತಕ್ಕೆ ಕಷ್ಟ ಪಡೂದು? ಬಾಯಲ್ಲಿ ಹೇಳಿದ್ರೂ ಸಾಕು, ಯಾರಾದ್ರೂ ಬರಕೊಳ್ತಾರೆ."

ಅವರು ಒಳ್ಳೆಯವರು. ನನಗೆ ನೋವು ಮಾಡುವ ಉದ್ದೇಶ ಅವರಿಗಿರಲಿಲ್ಲ. ಆದರೆ ಇವತ್ತು ಪ್ರಶ್ನೆಪತ್ರಿಕೆ, ನಾಳೆ ಉತ್ತರಪತ್ರಿಕೆ, ನಾಡಿದ್ದು ಪಾಠ ಎಂದು ನನ್ನ ಕೈಯಿಂದ ಒಂದೊಂದೇ ಜಾರುವುದು ನನಗೆ ಎದುರಿಗೇ ನಡೆದಂತೆ ಕಂಡಿತು.

"ಎಷ್ಟು ದಿನದೊಳಗೆ ಬೇಕು?" ಎಂದು ಕೇಳಿದೆ.

"ಮೂರು ವಾರ."

"ನಾನೇ ಕೊಡ್ತೇನೆ" ಎಂದೆ. ಹೇಗೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ತರಬೇತಿಯಲ್ಲಿ ನನ್ನ ಜೊತೆ ಕಲಿತ ಒಬ್ಬರು ಧಾರವಾಡದಲ್ಲಿದ್ದಾರೆ. ಅವರಿಗೂ ಕಣ್ಣು ಕಾಣಿಸುವುದಿಲ್ಲ. ಅವರಿಗೆ ಫೋನ್ ಮಾಡಿದೆ. ಅವರು ತಾವು ಬಳಸುವ ಒಂದು ಉಚಿತ ಆಪರೇಟಿಂಗ್ ಸಿಸ್ಟಮಿನ ಹೆಸರು ಹೇಳಿದರು.

"ಅಕ್ಕಾರ, ಅದು ಹಳೇ ಮಷಿನ್‌ಗೂ ಹಗುರ ಐತ್ರಿ. ಇನ್ನೊಂದು ಮಾತು ಕೇಳ್ರಿ. ಅದನ್ನ ಹಾಕಾಕ ಕಣ್ಣಿದ್ದವರು ಬೇಕಾಗೂದಿಲ್ಲ. ಪೆನ್‌ಡ್ರೈವ್ ಹಚ್ಚಿ ಶುರು ಮಾಡಿದ್ರ ಎರಡು ಸಲ ಪೀಂ ಪೀಂ ಅಂತೈತಿ. ಆಗ ಎಸ್ ಒತ್ತಿ ಎಂಟರ್ ಒತ್ರಿ. ಅದ ಮಾತಾಡಾಕ ಚಾಲೂ ಮಾಡತೈತಿ. ಮುಂದ ನೀವ ಎಲ್ಲಾ ಮಾಡಬಹುದು."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಇಷ್ಟು ವರ್ಷ ಲ್ಯಾಪ್‌ಟಾಪಿಗೆ ಏನಾದರೂ ಆದಾಗ ಯಾರದೋ ಕೈಗೆ ಕೊಟ್ಟು, ಅವರು ವಾಪಸು ಕೊಡುವ ತನಕ ಕಾಯುವುದೇ ನನ್ನ ಪಾಲಾಗಿತ್ತು. ಒಂದು ಸಲ ನಾನೇ ಮಾಡಿ ನೋಡಬೇಕು ಅನ್ನಿಸಿತು.

"ಯಾವ ಫೈಲ್ ಇಳಿಸಬೇಕು?" ಎಂದು ಕೇಳಿದೆ.

"ಅರವತ್ನಾಲ್ಕು ಅಂತ ಇರ್ತೈತಲ್ರೀ, ಅದನ್ನ ಇಳಿಸಿಕೊಳ್ರಿ" ಎಂದು ಅವರು ಬಸ್ ಹತ್ತುವ ಗಡಿಬಿಡಿಯಲ್ಲಿ ಫೋನ್ ಇಟ್ಟರು.

ನನ್ನ ಗಂಡನ ತಂಗಿ ನಮ್ಮ ಮನೆಗೆ ಅಂಟಿಕೊಂಡೇ ಇರುವ ಮನೆಯಲ್ಲಿದ್ದಾಳೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ನಾಟಿ, ಕೊಯ್ಲು, ತೆಂಗಿನ ತೋಟದ ಕೂಲಿ ಎಂದು ದುಡಿಯುತ್ತಾಳೆ. ಏಳನೆಯವರೆಗೆ ಓದಿದ್ದಾಳೆ. ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಾಳೆ, ಕೂಡಿಸಿ ಓದಲು ಬರುವುದಿಲ್ಲ. ಆ ಸಂಜೆ ಅವಳನ್ನು ಕರೆದು, ಫೋನಿನಲ್ಲಿ ಆ ಡೌನ್‌ಲೋಡ್ ಪುಟ ತೆರೆದು ಕೊಟ್ಟೆ. ಫೋನಿನ ಧ್ವನಿ ಆ ಹೆಸರುಗಳನ್ನು ಎಷ್ಟು ವೇಗದಲ್ಲಿ ಉರುಳಿಸಿತೆಂದರೆ ಎರಡು ಹೆಸರುಗಳ ನಡುವಿನ ವ್ಯತ್ಯಾಸವೇ ನನ್ನ ಕಿವಿಗೆ ಸಿಕ್ಕಿರಲಿಲ್ಲ.

"ನೀ ಒಂದೊಂದೇ ಅಕ್ಷರ ಹೇಳು ತಂಗಿ."

"ಎ... ಎಮ್... ಡಿ... ಆರು ನಾಕು" ಎಂದಳು. "ಆಮೇಲೆ ಎ... ಆರ್... ಎಮ್... ಆರು ನಾಕು. ಅತ್ತಿಗೆ, ಎರಡೂ ಒಂದೇ ನಮನಿ ಅದೆ."

"ಮುಂದೆ?"

"ಪಿ ಪಿ ಸಿ ಆರು ನಾಕು ಇ ಎಲ್. ಮತ್ತೊಂದು ಆರ್ ಐ ಎಸ್ ಸಿ ವಿ ಆರು ನಾಕು." ಅವಳು ಎಣಿಸಿದಳು. "ಒಟ್ಟು ಆರು ಹೆಸರು ಅದೆ. ಅದ್ರಲ್ಲಿ ನಾಕಕ್ಕೆ ಅರವತ್ನಾಲ್ಕು ಅದೆ."

ಒಂದೇ ಅರವತ್ನಾಲ್ಕು ಇರುತ್ತದೆ ಎಂದುಕೊಂಡಿದ್ದೆ. ನಾಲ್ಕಿದ್ದವು. ಧಾರವಾಡಕ್ಕೆ ಮತ್ತೆ ಫೋನ್ ಮಾಡಿದರೆ ಹತ್ತಲಿಲ್ಲ. ಅವರು ಯಾವುದೋ ಮದುವೆಗೆಂದು ಹಳ್ಳಿಗೆ ಹೋಗಿದ್ದರು ಎಂದು ಆಮೇಲೆ ತಿಳಿಯಿತು.

ಅವಳಿಗೆ ಲ್ಯಾಪ್‌ಟಾಪಿನ ಮೈಮೇಲಿನ ಸ್ಟಿಕ್ಕರ್ ಓದಲು ಹೇಳಿದೆ. ಅಲ್ಲಿ ಪ್ರೊಸೆಸರ್, ಅಂದರೆ ಒಳಗಿನ ಮುಖ್ಯ ಚಿಪ್ಪು, ಮಾಡಿದ ಕಂಪನಿಯ ಹೆಸರಿತ್ತು. ಎಎಮ್‌ಡಿ ಅಲ್ಲ, ಅದರ ಎದುರಾಳಿ ಕಂಪನಿ. ಹಾಗಾದರೆ ಮೊದಲನೆಯ ಹೆಸರು ನಮ್ಮದಲ್ಲ ಎಂದು ಇಬ್ಬರೂ ಒಪ್ಪಿದೆವು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಸ್ಸು ಹತ್ತಿ ಕಾರವಾರಕ್ಕೆ ಹೋದೆವು. ಬಿಣಗಾ ದಾಟಿ ಸುರಂಗದೊಳಗೆ ನುಗ್ಗುವಾಗ ಬಸ್ಸಿನ ಸದ್ದು ದಪ್ಪವಾಗುತ್ತದೆ. ಅದು ಕೇಳಿದರೆ ಇಳಿಯಲು ತಯಾರಾಗಬೇಕೆಂದು ನನಗೆ ಅಭ್ಯಾಸ. ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಒಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಅಂಗಡಿಯವನ ಮಾತಿನಲ್ಲಿ ಕೊಂಕಣಿಯ ಎಳೆತ. ಅವನ ಅಕ್ಕನ ಮಗಳು ನನ್ನ ಹಳೆಯ ವಿದ್ಯಾರ್ಥಿನಿಯಾದ್ದರಿಂದ ನನಗೆ ಗೌರವ ಹೆಚ್ಚೇ ಕೊಡುತ್ತಾನೆ. ಬೇಕಾದದ್ದನ್ನು ಹೇಳಿದೆ. ಅವನು ಪುಟ ತೆರೆದು ನೋಡಿದ.

"ಯಾವ ಪ್ರೊಸೆಸರ್ ಅಕ್ಕೋರೇ ನಿಮ್ದು?"

ಕಂಪನಿಯ ಹೆಸರು ಹೇಳಿದೆ.

"ಹಾಗಾದ್ರೆ ಎಎಮ್‌ಡಿ ಬೇಡ. ಅದು ಬೇರೆ ಕಂಪನಿದು. ಈ ಆರ್ಮ್ ಅರವತ್ನಾಲ್ಕು ಹಾಕ್ತೆ. ಈಗ ಎಲ್ಲಾ ಫೋನಲ್ಲೂ ಅದೇ ಬರೂದು, ಹೊಸಾದು."

ನಮಗೂ ಸರಿ ಅನ್ನಿಸಿತು. ಅವನು ಪೆನ್‌ಡ್ರೈವಿಗೆ ಬರೆದು ಕೊಟ್ಟ. ಲ್ಯಾಪ್‌ಟಾಪನ್ನು ನಾವು ಒಯ್ದಿರಲಿಲ್ಲ, ಅದಕ್ಕೇ ಅಲ್ಲಿ ಪರೀಕ್ಷಿಸುವ ಮಾತೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಪೆನ್‌ಡ್ರೈವ್ ಸಿಕ್ಕಿಸಿದೆ. ಬಟನ್ ಒತ್ತಿದ ಕೂಡಲೇ ಮೇಲಿನ ಸಾಲಿನ ಎಫ್12 ಕೀಲಿಯನ್ನು ಪಟಪಟ ಒತ್ತುತ್ತಿರಬೇಕು, ಆಗ ಯಾವುದರಿಂದ ಶುರುವಾಗಬೇಕೆಂದು ಯಂತ್ರ ಕೇಳುತ್ತದೆ ಎಂದು ಅಂಗಡಿಯವನು ಹೇಳಿಕೊಟ್ಟಿದ್ದ. ಒತ್ತಿದೆ. ಪೀಂ ಪೀಂಗಾಗಿ ಕಿವಿಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತೆ. ಒಳಗಿನ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಎಂತಾ ಕಾಣ್ತದೆ?"

"ಒಂದೇ ಸಾಲು ಅದೆ. ಹಳೇದರ ಹೆಸರು. ಪೆನ್‌ಡ್ರೈವಿನ ಹೆಸರೇ ಇಲ್ಲ."

ತೆಗೆದು ಬೇರೆ ಕಡೆ ಸಿಕ್ಕಿಸಿದೆ. ಬಟ್ಟೆಯಿಂದ ಒರೆಸಿ ಸಿಕ್ಕಿಸಿದೆ. ಏಳೆಂಟು ಸಲ ಮಾಡಿದೆವು. ಪ್ರತಿ ಸಲವೂ ಅವಳು "ಇಲ್ಲ ಅತ್ತಿಗೆ" ಎನ್ನುತ್ತಿದ್ದಳು. ಕೊನೆಕೊನೆಗೆ ಆ "ಇಲ್ಲ" ಹೇಳಲು ಅವಳಿಗೇ ಸಂಕಟವಾಗುತ್ತಿತ್ತು.

ಗಂಡ ಗದ್ದೆಯಿಂದ ಬಂದು ಕಾಲು ತೊಳೆಯುತ್ತ ಕೇಳಿದರು. "ಹೊಸಾದೇ ತಕಂಡ್ರೆ ಆಗೂದಿಲ್ಲಾ? ಎಂತಕ್ಕೆ ಇಷ್ಟು ಹಟ?"

"ಹೊಸಾದು ತಂದ್ರೂ ಅದು ಕೆಟ್ಟಾಗ ಮತ್ತೆ ಯಾರದೋ ಕೈಗೇ ಕೊಡಬೇಕು" ಎಂದೆ. "ಈ ಸಲ ಎಲ್ಲಿ ತಪ್ಪಾಯ್ತು ಅನ್ನೂದು ನನಗೆ ಗೊತ್ತಾಗಬೇಕು."

ಅವರು ಒಳಗೆ ಹೋಗಿ ಮೂರು ಲೋಟ ಚಹಾ ಮಾಡಿ ತಂದು ನಮ್ಮ ಪಕ್ಕದಲ್ಲಿಟ್ಟರು.

ಆ ವಾರವಿಡೀ ಶಾಲೆಗೆ ಹೋಗುವ ಬಸ್ಸಿನಲ್ಲಿ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಭಾವಿಕೇರಿಯ ಬಸ್ಸಿಗೆ ಕಾಯುವಾಗ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ಹೆಸರುಗಳ ಬಗ್ಗೆ ಸಿಕ್ಕಿದ್ದೆಲ್ಲವನ್ನೂ ಓದಿಸಿದೆ. ಇಂಗ್ಲಿಷ್ ನಿಧಾನಕ್ಕೆ ತಲೆಗೆ ಹೋಗುತ್ತದೆಂದು ಒಂದು ಲೇಖನವನ್ನು ಕನ್ನಡಕ್ಕೆ ತಿರುಗಿಸಲು ಫೋನಿಗೇ ಹೇಳಿದೆ. ಅದು ಆರ್ಮ್64 ಎಂಬುದನ್ನು "ತೋಳು ಅರವತ್ನಾಲ್ಕು" ಎಂದು ಓದಿತು. ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಇಂಗ್ಲಿಷಿನಲ್ಲೇ ಓದಿಸಿದೆ, ಒಂದೊಂದು ವಾಕ್ಯವನ್ನು ಮೂರು ನಾಲ್ಕು ಸಲ.

ನಿಧಾನವಾಗಿ ಗಂಟು ಬಿಚ್ಚಿಕೊಂಡಿತು. ಪ್ರೊಸೆಸರುಗಳಿಗೆ ಬೇರೆ ಬೇರೆ ಭಾಷೆ. ಒಂದರ ಭಾಷೆಯಲ್ಲಿ ಬರೆದ ಆಪರೇಟಿಂಗ್ ಸಿಸ್ಟಮ್ ಇನ್ನೊಂದಕ್ಕೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಆರ್ಮ್ ಎಂಬುದು ಹೆಚ್ಚಾಗಿ ಫೋನುಗಳಲ್ಲಿರುವ ಭಾಷೆ, ಈಚೆಗೆ ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲೂ ಬಂದಿದೆ. ನನ್ನ ಹಳೆಯ ಯಂತ್ರಕ್ಕೆ ಅದು ಪರಭಾಷೆ. ಪೆನ್‌ಡ್ರೈವನ್ನು ಅದು ಕಂಡೂ ಕಾಣದಂತೆ ಇದ್ದದ್ದು ಅದಕ್ಕೇ.

ಹಾಗಾದರೆ ನನ್ನದರ ಭಾಷೆ ಯಾವುದು? ಅಟ್ಟದ ಮೇಲೆ ಲ್ಯಾಪ್‌ಟಾಪಿನ ಹಳೆಯ ರಟ್ಟಿನ ಪೆಟ್ಟಿಗೆ ಇತ್ತು. ನಾದಿನಿ ಏಣಿ ಹತ್ತಿ ಅದನ್ನು ಇಳಿಸಿ, ಬದಿಯ ಚೀಟಿಯಲ್ಲಿದ್ದ ಮಾಡೆಲ್ ನಂಬರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ನಾನು ಫೋನಿನಲ್ಲಿ ಹುಡುಕಿದೆ. ಅಲ್ಲಿ ಸ್ಪಷ್ಟವಾಗಿ ಇತ್ತು: ಎಕ್ಸ್86-64.

"ಆ ಆರು ಹೆಸರಲ್ಲಿ ಎಕ್ಸ್ ಎಂಬತ್ತಾರು ಅದೆಯಾ?" ಎಂದು ಕೇಳಿದೆ.

ಅವಳು ಎರಡು ಸಲ ಹುಡುಕಿದಳು. "ಇಲ್ಲ. ಎಕ್ಸ್ ಅನ್ನೂ ಅಕ್ಷರ ಒಂದ್ರಲ್ಲಿ ಕೊನೆಗೆ ಅದೆ, ಅದ್ರಲ್ಲಿ ಅರವತ್ನಾಲ್ಕು ಇಲ್ಲ."

ಆಗ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಮೂರು ವಾರದಲ್ಲಿ ಒಂದೂವರೆ ವಾರ ಕಳೆದಿತ್ತು. ನನ್ನ ಯಂತ್ರದ ಭಾಷೆ ಗೊತ್ತಾಯಿತು, ಆದರೆ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಫೋನನ್ನು ಚಾಪೆಯ ಮೇಲಿಟ್ಟು, ಒಳಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಮತ್ತೆ ಎತ್ತಿಕೊಂಡೆ. ಈ ಸಲ ಬೇರೇನನ್ನೂ ಹುಡುಕದೆ, ಎಕ್ಸ್86-64 ಎಂಬ ಹೆಸರಿನ ಕಥೆಯನ್ನಷ್ಟೇ ಹುಡುಕಿದೆ.

ಅದು ಹೀಗಿತ್ತು. ಆ ಭಾಷೆಯನ್ನು ಮೊದಲು ಹುಟ್ಟಿಸಿದ್ದು ನಮ್ಮ ಸ್ಟಿಕ್ಕರಿನ ಕಂಪನಿಯೇ. ಆದರೆ ಅದನ್ನು ಅರವತ್ನಾಲ್ಕು ಬಿಟ್‌ಗೆ, ಅಂದರೆ ಒಂದೇ ಸಲಕ್ಕೆ ಹೆಚ್ಚು ಲೆಕ್ಕ ಹಿಡಿಯುವ ಅಳತೆಗೆ, ಮೊದಲು ಹಿಗ್ಗಿಸಿದ್ದು ಎದುರಾಳಿ ಕಂಪನಿ, ಎಎಮ್‌ಡಿ. ಆಮೇಲೆ ನಮ್ಮ ಸ್ಟಿಕ್ಕರಿನ ಕಂಪನಿಯೂ ಅದನ್ನೇ ತನ್ನದಾಗಿಸಿಕೊಂಡಿತು. ಈಗ ಎರಡೂ ಕಂಪನಿಯ ಯಂತ್ರಗಳು ಆಡುವುದು ಒಂದೇ ಮಾತು. ಕೆಲವರು ಅದನ್ನು ಎಕ್ಸ್86-64 ಎನ್ನುತ್ತಾರೆ, ಕೆಲವರು ಬರೀ ಎಕ್ಸ್64, ಇನ್ನು ಕೆಲವರು ಮೊದಲು ಮಾಡಿದವರ ಹೆಸರಿನಲ್ಲೇ ಎಎಮ್‌ಡಿ64. ನಾವು ಮೊದಲನೇ ದಿನವೇ ನಮ್ಮದಲ್ಲ ಎಂದು ಬದಿಗಿಟ್ಟ ಹೆಸರೇ ನಮ್ಮದಾಗಿತ್ತು.

ನಾದಿನಿಗೆ ಬಿಡಿಸಿ ಹೇಳಿದೆ. ಅವಳಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ.

"ಅದ್ರಲ್ಲಿ ಎಂತಾ ಅದೆ? ನನಗೆ ತವರಲ್ಲಿ ಒಂದು ಹೆಸರು. ಮದ್ವೆ ದಿವಸ ಗಂಡನ ಮನೆಯವ್ರು ಮತ್ತೊಂದು ಇಟ್ರು. ರೇಷನ್ ಕಾರ್ಡಲ್ಲಿ ಯಾರೋ ತಪ್ಪು ಬರ್ದು ಮೂರನೇದು ಆಯ್ತು. ಮೂರೂ ನಾನೇ ಅಲ್ದಾ?"

ಮರುದಿನ ಕಾರವಾರದ ಅಂಗಡಿಗೆ ಮತ್ತೆ ಹೋದೆವು. ಅಂಗಡಿಯವನು ಪೆನ್‌ಡ್ರೈವ್ ನಡೆಯಲಿಲ್ಲವೆಂದು ಕೇಳಿ ನೊಂದುಕೊಂಡ.

"ತಡೀರಿ, ಹಳೇ ವರ್ಶನ್ನಲ್ಲಿ ಐ386 ಅಂತ ಒಂದದೆ. ನಿಮ್ಮ ಕಂಪನಿ ಹೆಸರೂ ಐ ಇಂದಲೇ ಶುರು ಅಲ್ದಾ? ಅದೇ ಇರ್ಬೇಕು."

"ಬೇಡ. ಅದು ಮೂವತ್ತೆರಡು ಬಿಟ್ಟಿಂದು. ನೀವು ಎಎಮ್‌ಡಿ ಅರವತ್ನಾಲ್ಕು ಹಾಕಿ."

"ಅಕ್ಕೋರೇ, ಆ ಕಂಪನಿ ನಿಮ್ದಲ್ಲ."

"ನಂದಲ್ಲ, ಗೊತ್ತದೆ. ಆದ್ರೂ ಅದನ್ನೇ ಹಾಕಿ."

"ಮಷಿನ್ನಿಗೆ ಏನಾದ್ರೂ ಆದ್ರೆ ಮತ್ತೆ ನನ್ನ ಕೇಳಬೇಡಿ."

"ಕೇಳೂದಿಲ್ಲ" ಎಂದೆ. ನನ್ನ ಧ್ವನಿ ತರಗತಿಯ ಧ್ವನಿಯಾಗಿತ್ತೇನೋ, ಅವನು ಬರೆದು ಕೊಟ್ಟ. ಕೊಡುವಾಗ ಪೆನ್‌ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು, "ಎಂತಾ ಆಯ್ತು ಅಂತ ಫೋನ್ ಮಾತ್ರ ಮಾಡಿ" ಎಂದ.

ಭಾನುವಾರ ಬೆಳಿಗ್ಗೆ ನಾಷ್ಟಾ ಮುಗಿಸಿ ಕೂತೆವು. ಪೆನ್‌ಡ್ರೈವ್ ಸಿಕ್ಕಿಸಿದೆ, ಬಟನ್ ಒತ್ತಿದೆ, ಎಫ್12 ಒತ್ತುತ್ತ ಹೋದೆ.

"ಬಂತು!" ಎಂದು ನಾದಿನಿ ಕೂಗಿದಳು. "ಎರಡು ಸಾಲು ಅದೆ ಅತ್ತಿಗೆ. ಎರಡನೇದು ಪೆನ್‌ಡ್ರೈವ್."

ಕೆಳಬಾಣ, ಎಂಟರ್. ಒಂದು ಉಸಿರಿನಷ್ಟು ಹೊತ್ತು ಮೌನ. ಆಮೇಲೆ ಲ್ಯಾಪ್‌ಟಾಪ್ ಎರಡು ಸ್ವರ ನುಡಿಯಿತು, ಒಂದು ಎತ್ತರ, ಒಂದು ತಗ್ಗು. ಎಸ್ ಒತ್ತಿದೆ. ಎಂಟರ್ ಒತ್ತಿದೆ. ತಗಡಿನಂಥ ಒಂದು ಧ್ವನಿ ಇಂಗ್ಲಿಷಿನಲ್ಲಿ ಭಾಷೆ ಯಾವುದೆಂದು ಕೇಳಿತು.

ತೋರುಬೆರಳುಗಳನ್ನು ಎಫ್ ಮತ್ತು ಜೆ ಮೇಲೆ ಊರಿದೆ.

ಅದು ಆಯ್ಕೆಗಳನ್ನು ನಂಬರು ಹಾಕಿ ಓದುತ್ತಿತ್ತು. ನನಗೆ ಬೇಕಾದ ನಂಬರು ಒತ್ತಿ ಎಂಟರ್ ಒತ್ತಿದರೆ ಮುಂದಿನ ಪ್ರಶ್ನೆ. ಭಾಷೆ, ದೇಶ, ಕೀಲಿಮಣೆ, ನನ್ನ ಹೆಸರು, ಪಾಸ್‌ವರ್ಡ್. ಇಂಟರ್‌ನೆಟ್ಟಿಗೆ ಫೋನನ್ನು ಬಾವಿಕಟ್ಟೆಯ ಬದಿಯ ಕಿಟಕಿಯಲ್ಲಿಟ್ಟಿದ್ದೆವು, ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ನಡುವೆ ಒಂದು ಸಲ ಪರದೆ ನೋಡಿ ಏನೋ ಹೇಳಲು ಹೊರಟ ನಾದಿನಿ, "ಅದೇ ಹೇಳ್ತದೆ, ನಾ ಎಂತಕ್ಕೆ" ಎಂದು ಹಿಂದೆ ಸರಿದು ಕೂತಳು.

ಕೊನೆಗೆ ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಬರೆಯಲೇ ಎಂದು ಕೇಳಿತು. ಸುಮ್ಮನೆ ಎಂಟರ್ ಒತ್ತಿದರೆ ಬೇಡವೆಂದೇ ಅರ್ಥ. ಹೌದೆನ್ನಲು ನಾನೇ ಒಂದು ಎಂಬ ಅಂಕೆ ಒತ್ತಬೇಕು. ಟಿಪ್ಪಣಿಗಳು ಬೇರೆ ಪೆನ್‌ಡ್ರೈವಿನಲ್ಲಿದ್ದವು. ಆದರೂ ಇಷ್ಟು ವರ್ಷ ನನ್ನ ಜೊತೆ ಮಾತಾಡಿದ ಆ ಹಳೆಯ ಧ್ವನಿ ಇದರೊಂದಿಗೆ ಹೋಗುತ್ತದಲ್ಲ ಎಂದು ಒಂದು ಕ್ಷಣ ಕೈ ತಡೆಯಿತು.

"ಎಂತಾ ಕೇಳ್ತದೆ?" ಎಂದು ಗಂಡ ಬಾಗಿಲಿಂದ ಕೇಳಿದರು.

"ಎಲ್ಲಾ ಅಳಿಸ್ಲಾ ಅಂತ."

"ಮತ್ತೆ?"

"ಅಳಿಸ್ತೆ" ಎಂದು ಒಂದು ಒತ್ತಿದೆ.

ಆಮೇಲಿನದು ಕಾಯುವ ಕೆಲಸ. ಮಧ್ಯಾಹ್ನದ ಊಟಕ್ಕೆ ಬಂಗಡೆಯ ಸಾರು ಮಾಡಿ ಮುಗಿಯುವವರೆಗೂ ಅದು ಎಷ್ಟು ಪಾಲು ಆಯಿತೆಂದು ಆಗಾಗ ಹೇಳುತ್ತಲೇ ಇತ್ತು. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಪೂರ್ತಿಯಾಯಿತು. ಪೆನ್‌ಡ್ರೈವ್ ತೆಗೆದು ಮತ್ತೆ ಶುರುಮಾಡಿದೆ. ಈ ಸಲ ಅಕ್ಕಿ ತೊಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ. ಪಾಸ್‌ವರ್ಡ್ ಕೇಳುವ ಧ್ವನಿ ಬಂದೇಬಿಟ್ಟಿತು. ಕನ್ನಡದ ಧ್ವನಿಯನ್ನೂ ಕನ್ನಡದ ಕೀಲಿಮಣೆಯನ್ನೂ ಹೊಂದಿಸಲು ಮತ್ತೆರಡು ಸಂಜೆ ಹಿಡಿಯಿತು. ಅದರ ಕನ್ನಡ ನಮ್ಮ ಕರಾವಳಿಯದಲ್ಲ, ಯಾವ ಊರಿನದೂ ಅಲ್ಲ. ದೀರ್ಘವನ್ನೆಲ್ಲ ಎಳೆದು ಎಳೆದು ಹೇಳುತ್ತದೆ. ಒಂದು ವಾರದಲ್ಲಿ ಕಿವಿ ಒಗ್ಗಿಕೊಂಡಿತು.

ಹೆಡ್ ಮಾಸ್ತರು ಹೇಳಿದ ಗಡುವಿಗೆ ಎರಡು ದಿನ ಇರುವಾಗಲೇ ಎಂಟನೇ, ಒಂಬತ್ತನೇ ತರಗತಿಯ ಪ್ರಶ್ನೆಪತ್ರಿಕೆಗಳನ್ನು ಕೊಟ್ಟೆ. ಅವರು ಹಾಳೆ ತಿರುವಿ ನೋಡುವ ಸದ್ದು ಕೇಳಿಸಿತು. ಒಂದು ಕಡೆ ಅಂಕಗಳು ಕೂಡಿಸಿದಾಗ ಒಂದು ಹೆಚ್ಚಾಗುತ್ತದೆ ಎಂದರು. ತಿದ್ದಿ ಕೊಟ್ಟೆ. ಮುಂದಿನ ಪರೀಕ್ಷೆಗೆ ಯಾರು ಬರೆಯಬೇಕೆಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಕಾರವಾರದ ಅಂಗಡಿಯವನಿಗೆ ಫೋನ್ ಮಾಡಿ ಹೇಳಿದ್ದೆ. ಅವನು ಒಂದೇ ಮಾತು ಕೇಳಿದ್ದ, "ಹಾಗಾದ್ರೆ ಆ ಕಂಪನಿ ಹೆಸರು ನೋಡೂದೇ ಬೇಡವಾ?" ಬೇಡ, ಯಂತ್ರದ ಭಾಷೆ ನೋಡಿದರೆ ಸಾಕು ಎಂದಿದ್ದೆ. ಚಳಿಗಾಲದ ಕೊನೆಗೆ ಅವನೇ ಫೋನ್ ಮಾಡಿದ. ಹಣಕೋಣದ ಒಬ್ಬ ನಿವೃತ್ತ ಪೋಸ್ಟ್‌ಮನ್ ಬಂದಿದ್ದಾರೆ, ಅವರ ಕಣ್ಣೂ ನನ್ನ ಹಾಗೆಯೇ ಹೋಗುತ್ತಿದೆ, ನಾನೊಂದು ಸಲ ಅವರ ಜೊತೆ ಕೂತುಕೊಳ್ಳಬಹುದೇ ಎಂದು.

ನಾನೂ ನಾದಿನಿಯೂ ಹೋದೆವು. ಆ ಹಿರಿಯರು ತಮ್ಮ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಕೈಯನ್ನು ನನ್ನ ಕೈಗೆ ಮುಟ್ಟಿಸಿಕೊಂಡು ಎಸ್ ಕೀಲಿ ಎಲ್ಲಿದೆಯೆಂದು ತೋರಿಸಿದೆ. ಎರಡು ಸ್ವರ ಕೇಳಿಸಿದ ಕೂಡಲೇ ಅವರು ಒತ್ತಿದರು. ಧ್ವನಿ ಮಾತಾಡತೊಡಗಿದಾಗ ಅವರು ಅದರತ್ತ ಬಾಗಿದ್ದು ನನಗೆ ತಿಳಿಯಿತು.

"ಇದು ಎಂತಾ ಕೇಳ್ತದೆ ಅಕ್ಕೋರೇ?"

"ನಿಮ್ಮ ಭಾಷೆ ಯಾವ್ದು ಅಂತ ಕೇಳ್ತದೆ" ಎಂದೆ. "ಅವಸರ ಇಲ್ಲ, ನೀವೇ ಒತ್ತಿ."

ಅವರು ಮತ್ತೊಮ್ಮೆ ಪಟ್ಟಿಯನ್ನು ಮೊದಲಿನಿಂದ ಕೇಳಿಸಿಕೊಂಡರು. ಆಮೇಲೆ ಒಂದು ಬೆರಳು ಎತ್ತಿ, ನಿಧಾನವಾಗಿ ಸರಿಯಾದ ನಂಬರನ್ನು ಒತ್ತಿದರು.